ತೊಳೆಯದೆ ಮರಳಿದ ಮಣೆ

ಗಜಮುಖನೇ, ಮೊದಲ ವಂದನೆ ನಿನಗೆ. ನಿನ್ನ ಮುಖವನ್ನೇ ಧರಿಸಿ ಕಾಡಿನಿಂದ ಇಳಿದು ಬರುವ ಜೀವಿಗಳಿಂದ ನಮ್ಮನ್ನು ಕಾಯು. ನಮ್ಮಿಂದ ಅವುಗಳನ್ನೂ ಕಾಯು. ಬ್ರಹ್ಮಗಿರಿಯ ಕುಂಡಿಕೆಯಲ್ಲಿ ಉಕ್ಕಿ, ಬೇಡಿದವರಿಗೂ ಬೇಡದವರಿಗೂ ಭೇದವಿಲ್ಲದೆ ನೀರೆರೆಯುವ ತಾಯಿ ಕಾವೇರಿ, ಈ ಮಾತಿಗೆ ನಿನ್ನ ತಿಳಿಯನ್ನು ಕೊಡು. ಮಳೆಗೂ ಬೆಳೆಗೂ ಒಡೆಯನಾದ ಇಗ್ಗುತ್ತಪ್ಪ, ಹೇಳುವ ನಾಲಗೆ ತಪ್ಪದಂತೆ, ಕೇಳುವ ಕಿವಿ ದಣಿಯದಂತೆ ನೋಡಿಕೋ. ಬಾಗಿಲಲ್ಲಿ ನಿಂತು ಕೂಗಿದವನ ಕೂಗು ಒಳಗೆ ತಲುಪದೆ ಹೋದ ಒಂದು ಬೆಳಗಿನ ಕಥೆಯನ್ನು ನಿಮ್ಮ ಪಾದದ ಬಳಿ ಇಟ್ಟು ಆರಂಭಿಸುತ್ತೇನೆ.

ಗೋಣಿಕೊಪ್ಪಲಿನ ಪೇಟೆಯಲ್ಲಿ, ಕರಿಮೆಣಸಿನ ಚೀಲಗಳನ್ನು ಪೇರಿಸಿಡುವ ಗೋದಾಮೊಂದರ ಮಹಡಿಯ ಮೇಲೆ, ಆನೆ ಎಚ್ಚರಿಕೆ ಕೇಂದ್ರಕ್ಕೆ ಸೇರಿದ ಎರಡು ಕೋಣೆಗಳಿದ್ದವು. ಸುತ್ತಲಿನ ಎಸ್ಟೇಟುಗಳ ಒಡೆಯರೂ ಕೆಲಸದವರೂ ಕೂಡಿ ಕಟ್ಟಿಕೊಂಡ ಸಂಸ್ಥೆ ಅದು. ಹಿಂದಿನ ಕೋಣೆಯಲ್ಲಿ ಹಳೆಯದೊಂದು ಸರ್ವರ್ ಸದಾ ಗುಂಯ್ಗುಡುತ್ತಿತ್ತು. ಮುಂದಿನ ಕೋಣೆಯಲ್ಲಿ ಅದನ್ನು ನೋಡಿಕೊಳ್ಳುವ ಗಾನವಿ ಮತ್ತು ತೀರ್ಥಪ್ರಸಾದ್ ಕುಳಿತಿರುತ್ತಿದ್ದರು. ಇಬ್ಬರೂ ನಾಪೋಕ್ಲು ಕಡೆಯವರು. ಆದರೆ ಬೇರೆ ಬೇರೆ ಊರಿನವರು.

ಅಂದು ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲಿನ ಮೊದಲ ಕಾಫಿ ಪಿಕ್ಕಿಂಗ್. ಹಬ್ಬಕ್ಕೆಂದು ನಿಂತಿದ್ದ ಕೆಲಸ ಎಲ್ಲ ಎಸ್ಟೇಟುಗಳಲ್ಲಿಯೂ ಒಂದೇ ಬೆಳಿಗ್ಗೆ ಪುನಃ ಆರಂಭವಾಗುವುದಿತ್ತು. ತೀರ್ಥಪ್ರಸಾದ್ ಒಳಗೆ ಬಂದವನೇ ಹಿತ್ತಾಳೆಯ ಉಗ್ಗವೊಂದನ್ನು ಗಾನವಿಯ ಮೇಜಿನ ಮೇಲಿಟ್ಟ. ಹಬ್ಬದ ದಿನ ಅವಳ ಮನೆಯಿಂದ ಪಾಯಸ ಹೊತ್ತು ಹೋದ ಪಾತ್ರೆ ಅದು.

ಗಾನವಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗಡೆ, ಕಂಠದ ಕೆಳಗೆ, ಪಾಯಸದ ಒಣಗಿದ ಗೆರೆಯೊಂದು ಉಳಿದಿತ್ತು.

“ಎಂತ ತೀರ್ಥಣ್ಣ ಇದು? ತೊಳೀದೆ ತಂದಿದ್ದೀರಲ್ಲ!”

“ನೀರಾಡಿಸಿದ್ದೇನೆ ಮಾರಾಯ್ತಿ.”

“ನೀರಾಡಿಸಿದ್ದಾ? ನಮ್ಮ ಅಮ್ಮ ನೋಡಿದ್ರೆ ನಿಮ್ಮ ಮನೆಗೆ ಇನ್ನು ಒಂದು ಸೌಟೂ ಕೊಡಲಿಕ್ಕಿಲ್ಲ. ಎರವಲು ತಂದ ಪಾತ್ರೆ ಬೆಳಗಿ, ಬೋರಲು ಹಾಕಿ ಕೊಡಬೇಕು.”

“ನಾನು ಬೆಳಗಿಯೇ ಕೊಟ್ಟೆ ಅಂತ ಇಟ್ಕೊ. ನಿನ್ನಮ್ಮ ಮತ್ತೆ ತೊಳೆಯದೆ ಒಲೆ ಮೇಲೆ ಇಡ್ತಾರಾ?”

“ಇಡ್ತಾರೆ! ತೊಳೆದು ಕೊಟ್ಟದ್ದನ್ನು ಮತ್ತೆ ತೊಳೆದರೆ ಕೊಟ್ಟವರಿಗೆ ಅವಮಾನ ಅಲ್ವಾ?”

“ನಮ್ಮಲ್ಲಿ ತೊಳೆಯದೆ ಇಟ್ಟರೆ ದೇವರಿಗೆ ಅವಮಾನ,” ಎಂದು ನಗುತ್ತ ಅವನು ಕುಳಿತ. ಉಗ್ಗ ಮೇಜಿನ ಮೂಲೆಯಲ್ಲಿ ಉಳಿಯಿತು.

ಕೇಂದ್ರದ ವ್ಯವಸ್ಥೆ ಸರಳವಾದುದು. ಫೋನು ಹಿಡಿಯದ ಗುಡ್ಡಗಳಲ್ಲಿ ಕಾವಲುಗಾರರು ಕೈಯಗಲದ ರೇಡಿಯೋ ಪೆಟ್ಟಿಗೆಗಳನ್ನು ಹಿಡಿದು ತಿರುಗುತ್ತಿದ್ದರು. ಪೆಟ್ಟಿಗೆಯ ಮೇಲೆ ಮೂರೇ ಗುಂಡಿಗಳು: ಆನೆ ಕಂಡಿದೆ, ರಸ್ತೆಗೆ ಬರುತ್ತಿದೆ, ದಾಟಿತು. ಒತ್ತಿದ ಮಾತು ಸರ್ವರಿಗೆ ಬರುತ್ತಿತ್ತು. ಸರ್ವರ್ ಆ ಭಾಗದ ಜೀಪುಗಳಲ್ಲಿರುವ ಪೆಟ್ಟಿಗೆಗಳ ಹಸಿರು ದೀಪವನ್ನು ಕೆಂಪಾಗಿಸುತ್ತಿತ್ತು. ಕೆಂಪಾಗದಿದ್ದರೆ ದಾರಿ ಸುಗಮವೆಂದು ಅರ್ಥ. ಮೌನವೇ ಅಭಯ ಎಂದು ನಂಬಿದ ವ್ಯವಸ್ಥೆ ಅದು.

ಕಳೆದ ಸೀಸನ್ನಿನಲ್ಲಿ ಅದೇ ನಂಬಿಕೆ ಮುರಿದುಬಿದ್ದಿತ್ತು. ಆನೆಯ ಸುದ್ದಿ ಹಬ್ಬಿದೊಡನೆ ಎಸ್ಟೇಟಿನವರು, ಲೆಕ್ಕ ಬರೆಯುವ ರೈಟರುಗಳು, ಶಾಲೆಯ ವ್ಯಾನಿನವರು ಎಲ್ಲರೂ ತಮ್ಮ ಫೋನುಗಳಲ್ಲಿ ‘ಎಲ್ಲಿದೆ?’ ಎಂಬ ಗುಂಡಿಯನ್ನು ಒತ್ತಿದರು. ಉತ್ತರ ಬರಲಿಲ್ಲವೆಂದು ಮತ್ತೆ ಒತ್ತಿದರು. ಸರ್ವರ್ ಆ ಭಾರಕ್ಕೆ ಕುಸಿಯಿತು. ದೀಪಗಳು ಹಸಿರಾಗಿಯೇ ಉಳಿದವು. ಚಲುವಮ್ಮ ಎಂಬ ಹಣ್ಣು ಕೊಯ್ಯುವ ಹೆಂಗಸು ಆನೆಗೆ ಎದುರಾಗಿ ಕಾಲು ಮುರಿದುಕೊಂಡಳು. ಅನಂತರ ಕೇಂದ್ರದ ಇಬ್ಬರೂ ಕೂಡಿ ಸರ್ವರಿಗೊಂದು ಬಾಗಿಲು ಕಟ್ಟಿದರು.

ಯಾವ ಫೋನು, ಯಾವ ಪೆಟ್ಟಿಗೆ ಸಂಪರ್ಕಕ್ಕೆ ಬಂದರೂ ಬಾಗಿಲಲ್ಲಿ ಅದರ ಹೆಸರಿಗೆ ಏಳು ಗುಳಿಗಳ ಒಂದು ಸಾಲು ಸಿಗುತ್ತಿತ್ತು. ಒಂದು ಸಂದೇಶ ಬಂದರೆ ಒಂದು ಗುಳಿಯಲ್ಲಿ ಆ ಕ್ಷಣದ ಗುರುತು. ನಿಮಿಷ ಕಳೆದ ಗುರುತಿಗೆ ಬೆಲೆಯಿಲ್ಲ. ನಿಮಿಷದೊಳಗೆ ಏಳೂ ತುಂಬಿದವೆಂದರೆ ಬಾಗಿಲು ‘ಮಿತಿ ಮೀರಿದೆ, ತಾಳಿ’ ಎಂದು ತಿರುಗಿಸಿ ಕಳುಹಿಸುತ್ತಿತ್ತು. ಸಂದೇಶದಲ್ಲಿ ಏನಿದೆಯೆಂದು ಬಿಚ್ಚಿ ನೋಡುತ್ತಲೂ ಇರಲಿಲ್ಲ; ಬಿಚ್ಚಿ ನೋಡುವುದೇ ಆ ಮುದಿ ಯಂತ್ರಕ್ಕೆ ಭಾರದ ಕೆಲಸ. ಬಂದವರಿಗೆಲ್ಲ ಹೊಸ ಸಾಲನ್ನು ಕಡೆದು ಕೊಡುತ್ತ ಹೋದರೂ ಅದಕ್ಕೆ ಏದುಸಿರು. ಆದುದರಿಂದ ಕೆಲವು ಸಾಲುಗಳನ್ನು ಮೊದಲೇ ಮಾಡಿ, ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬಂದವರು ಮೇಲಿನದನ್ನು ಎರವಲು ಪಡೆಯುವುದು, ಹೋಗುವಾಗ ಮತ್ತೆ ಮೇಲೆಯೇ ಇರಿಸುವುದು. ಕಂಪ್ಯೂಟರ್ ಕಸುಬಿನವರು ಇದನ್ನು ಅರೇ ಪೂಲ್ ಎನ್ನುತ್ತಾರೆ. ಅಜ್ಜಿಯೊಡನೆ ಏಳೇಳು ಗುಳಿಗಳ ಚೆನ್ನೆಮಣೆ ಆಡಿ ಬೆಳೆದ ಗಾನವಿ ಆ ಸಾಲನ್ನು ಮಣೆ ಎಂದಳು. ಕೇಂದ್ರದಲ್ಲಿ ಆ ಹೆಸರೇ ನಿಂತಿತು. ಮಣೆಯನ್ನು ತೆಗೆದು ಕೊಡುವ ಭಾಗವನ್ನು ಅವಳು ಬರೆದಳು. ಹಿಂದಕ್ಕೆ ಪಡೆದು ಇರಿಸುವ ಭಾಗವನ್ನು ತೀರ್ಥಪ್ರಸಾದ್ ಬರೆದ. ಬಾಗಿಲಿಗೆ ಒಡೆಯನೂ ಆಳೂ ಒಂದೇ ಆಗಿರಬೇಕು, ಕೇಂದ್ರದ ನಮಗೂ ವಿನಾಯಿತಿ ಬೇಡ ಎಂದು ಗಾನವಿ ಹಟ ಹಿಡಿದಿದ್ದಳು. ಹಾಗೆಯೇ ಆಗಿತ್ತು.

ಗುಡ್ಡದ ಬುಡದ ಎಸ್ಟೇಟೊಂದರಲ್ಲಿ, ಕೆಲಸದವರ ಮನೆಗಳ ಸಾಲಾದ ಲೈನಿನ ಮುಂದೆ, ಜೀಪು ಅಷ್ಟರಲ್ಲಿ ಹೊರಟು ನಿಂತಿತ್ತು. ಮಂಜು ಇನ್ನೂ ಕಾಫಿ ಗಿಡಗಳ ಸೊಂಟದವರೆಗೆ ಮಲಗಿತ್ತು. ಚಾಲಕ ರವಿ ಹಾರ್ನ್ ಒತ್ತಿದ.

“ಪಚ್ಚೆ ಉಂಟು, ಹತ್ತಿ ಹತ್ತಿ. ಹುತ್ತರಿ ಮುಗೀತು, ತಿಂದ ಕಡುಬು ಕರಗ್ಬೇಕಲ್ಲ.”

“ನಿನ್ನ ಹೊಟ್ಟೆ ಕರಗ್ಲಿಕ್ಕೆ ಒಂದು ಸೀಸನ್ ಸಾಲ್ದು ರವಿಯಣ್ಣ,” ಎಂದಳು ಸಿದ್ದಿ, ಚೀಲವನ್ನು ಒಳಗೆ ಎಸೆಯುತ್ತ. ಹೆಂಗಸರು ನಕ್ಕರು.

ಕೊನೆಗೆ ಹತ್ತಿದವಳು ಮುದ್ದಿ. ಅವಳ ಗಂಡ ಬೋಜ ಆ ಗುಡ್ಡದ ಕಾವಲುಗಾರ. ಅವಳು ಕುಳಿತುಕೊಳ್ಳುವ ಮೊದಲು ಮುಂದಿನ ಪೆಟ್ಟಿಗೆಯನ್ನು ಇಣುಕಿ ನೋಡಿದಳು.

“ಅವ್ನು ಕತ್ತಲಿರುವಾಗ್ಲೇ ಮೇಲೆ ಹೋದ. ಪೆಟ್ಟಿಗೆ ಏನೂ ಹೇಳ್ಲಿಲ್ವಾ?”

“ಏನೂ ಹೇಳ್ಲಿಲ್ಲ.”

“ಮನೇಲೂ ಅವ್ನು ಹಾಗೇ ಅಲ್ವಾ?” ಎಂದು ಸಿದ್ದಿ ಚುಚ್ಚಿದಳು. “ಒಂದು ಮಾತು ಕೇಳ್ಬೇಕಾದ್ರೆ ನಮ್ಮ ಮುದ್ದಿ ಎರಡು ಹಬ್ಬ ಕಾಯ್ಬೇಕು!”

“ನಿನ್ನ ಗಂಡನ ಬಾಯಿ ಮುಚ್ಚಿಸ್ಲಿಕ್ಕೆ ನೀನು ಕಾಯ್ತೀಯಲ್ಲ, ಅದಕ್ಕಿಂತ ವಾಸಿ,” ಎಂದಳು ಮುದ್ದಿ. ನಗೆಯ ನಡುವೆ ಜೀಪು ಏರುದಾರಿಗೆ ತಿರುಗಿತು.

ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತಿದ್ದ ಬೋಜನಿಗೆ ಎಂಜಿನ್ನಿನ ಆ ಸದ್ದು ದೂರದಿಂದ ಕೇಳಿಸಿತು. ಅವನ ಕಣ್ಣು ಮಾತ್ರ ಕೆಳಗಿನ ಕೆರೆಯ ಏರಿಯ ಮೇಲಿತ್ತು. ಅಲ್ಲಿ ಒಂಟಿ ಸಲಗವೊಂದು ಮಂಜಿನಿಂದ ಬಿಡಿಸಿಕೊಂಡು ಹೊರಬಂದಿತ್ತು. ಎಡಗೋರೆ ಮುರಿದ ಆನೆ, ಬೋಜನಿಗೆ ಪರಿಚಯದ್ದೇ. ಆದರೆ ಅಂದು ಅದರ ಕಪೋಲದಿಂದ ಕಪ್ಪು ಗೆರೆ ಇಳಿದು ಬಾಯಿಯವರೆಗೆ ಹರಿದಿತ್ತು. ಮದವೇರಿದ ಆನೆ ಮುಖ ಮಾಡಿದ್ದು ಬಿದಿರಿನ ತಿರುವಿಗೆ. ಒಂದು ಪಕ್ಕ ಮಣ್ಣಿನ ಗೋಡೆಯಂಥ ಎತ್ತರದ ದರೆ, ಇನ್ನೊಂದು ಪಕ್ಕ ಇಳಿಜಾರು. ಆ ತಿರುವಿನೊಳಗೆ ಹೊಕ್ಕ ಜೀಪಿಗೆ ಹಿಂತಿರುಗಲು ಜಾಗವಿಲ್ಲ. ಮೊದಲ ಟ್ರಿಪ್ಪಿನ ಜೀಪಿನಲ್ಲಿ ಯಾರಿರುತ್ತಾರೆ ಎಂಬುದನ್ನು ಬೋಜನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ನಡುವಿನ ಗುಂಡಿಯನ್ನು ಒತ್ತಿದ. ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಅಕ್ಷರಗಳು ಮೂಡಿದವು: ಮಿತಿ ಮೀರಿದೆ, ತಾಳಿ.

ಬೋಜ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಬೆಳಗಿನಿಂದ ಅವನು ಒತ್ತಿದ್ದು ಅದೇ ಮೊದಲು.

ಕೇಂದ್ರದಲ್ಲಿ ಫೋನು ಹೊಡೆದುಕೊಂಡಿತು. ಗಾನವಿ ಎತ್ತಿದಳು. ಮೂರ್ನಾಲ್ಕು ಎಸ್ಟೇಟುಗಳ ಒಡೆಯರಾದ ಉತ್ತಯ್ಯನವರ ಗಂಟಲು.

“ಏನಮ್ಮ, ನಿಮ್ಮ ಮೆಷಿನ್ ನನಗೇ ತಾಳಿ ಅಂತದಲ್ಲ! ಕೇಂದ್ರದ ಕಟ್ಟಡಕ್ಕೆ ಶೀಟ್ ಹೊದಿಸಿದ್ದು ನಾನು.”

“ಎಷ್ಟು ಸಲ ಒತ್ತಿದ್ರಿ ಅಂಕಲ್?”

“ಲೆಕ್ಕ ಯಾರು ಇಟ್ರು? ತಾಳಿ ಅಂದ್ರೆ ಮುಚ್ಚಿ ಮತ್ತೆ ತೆರೀತೇನೆ. ಒಮ್ಮೊಮ್ಮೆ ತೆರೆದ ಕೂಡ್ಲೇ ತಾಳಿ ಅಂತದೆ! ಒತ್ತೋ ಮೊದ್ಲೇ ಬೈಯೋ ಮೆಷಿನ್ ನಾನು ಇದುವರೆಗೆ ನೋಡಿಲ್ಲ.”

“ಪಚ್ಚೆ ಇದ್ರೆ ಏನೂ ಇಲ್ಲ ಅಂತ ಅರ್ಥ ಅಂಕಲ್. ಸುಮ್ನೆ ಕಾಫಿ ಕುಡೀರಿ,” ಎಂದು ಗಾನವಿ ಫೋನಿಟ್ಟಳು. ಅವರ ಮಾತಿನ ಕೊನೆಯ ಭಾಗವನ್ನು ಅವಳು ಕೇಳಿಸಿಕೊಂಡಳು. ಆದರೆ ಅದು ಮನಸ್ಸಿಗೆ ಇಳಿಯಲಿಲ್ಲ. ಏಕೆಂದರೆ ಆ ಹೊತ್ತಿಗೆ ಪರದೆಯ ಮೇಲೆ, ತಿರಸ್ಕೃತವಾದ ನೂರಾರು ಕರೆಗಳ ನಡುವೆ, ಒಂದು ಸಾಲು ಅವಳ ಕಣ್ಣಿಗೆ ಬಿತ್ತು.

“ತೀರ್ಥಣ್ಣ, ಇಲ್ಲಿ ನೋಡಿ. ಬೋಜನ ಪೆಟ್ಟಿಗೆ. ಮಿತಿ ಮೀರಿದೆ ಅಂತ ತಿರುಗಿಸಿದೆ.”

“ಅವಸರಕ್ಕೆ ಒತ್ತಿ ಹಿಡಿದಿರ್ತಾನೆ.”

“ಬೋಜನಾ? ಮಾತಾಡಿದ್ರೆ ತೆರಿಗೆ ಕಟ್ಟಬೇಕು ಅನ್ನೋ ಹಾಗೆ ಇರೋ ಮನುಷ್ಯ ಅವನು.”

ಅವಳು ಹೇಳುತ್ತಿರುವಾಗಲೇ ಇನ್ನೊಂದು ಸಾಲು ಬಂದಿತು. ಅದೇ ಹೆಸರು, ಅದೇ ತಿರಸ್ಕಾರ. ಬೋಜ ಏನನ್ನೋ ಹೇಳಬಯಸಿದ್ದಾನೆ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ‘ಕಂಡಿದೆ’ ಎಂದನೋ, ‘ರಸ್ತೆಗೆ ಬರುತ್ತಿದೆ’ ಎಂದನೋ, ‘ದಾಟಿತು’ ಎಂದನೋ ತಿಳಿಯುವಂತಿರಲಿಲ್ಲ. ಬಾಗಿಲು ಅವನ ಮಾತನ್ನು ಬಿಚ್ಚದೆಯೇ ಹಿಂದಕ್ಕೆ ನೂಕಿತ್ತು.

ತೀರ್ಥಪ್ರಸಾದನ ಮುಖದ ನಗೆ ಆರಿತು. ಅವನು ರವಿಯ ಫೋನಿಗೆ ಕರೆ ಮಾಡಿದ. ವ್ಯಾಪ್ತಿಯ ಹೊರಗಿದ್ದಾರೆ ಎಂಬ ಹೆಣ್ಣು ದನಿ ಮೂರು ಭಾಷೆಗಳಲ್ಲಿ ವಿನಯದಿಂದ ತಿಳಿಸಿತು.

“ಜೀಪು ಹೊರಟಿದೆ ಹಾಗಾದ್ರೆ,” ಎಂದ ಅವನು. “ಲೈನಿನಲ್ಲಿ ಇದ್ದಿದ್ರೆ ರಿಂಗಾಗಬೇಕಿತ್ತು.”

“ಕೆಂಪು ಕೊಡ್ತೇನೆ. ಸುಳ್ಳಾದ್ರೆ ಆಗಲಿ. ಬೈಸಿಕೊಳ್ಳುವ.”

ಕಾವಲುಗಾರನ ಮಾತಿಲ್ಲದೆ ಕೇಂದ್ರ ಕೆಂಪು ದೀಪ ಕೊಡುವುದು ರೂಢಿಯಲ್ಲ. ಒಮ್ಮೆ ಸುಳ್ಳು ಕೆಂಪು ಬಿದ್ದರೆ ಮುಂದಿನ ನಿಜವಾದ ಕೆಂಪಿಗೆ ಯಾರೂ ನಿಲ್ಲುವುದಿಲ್ಲ ಎಂಬ ಭಯ. ಆ ಭಯವನ್ನು ಪಕ್ಕಕ್ಕೆ ಸರಿಸಿ ಗಾನವಿ ತನ್ನ ಪರದೆಯಲ್ಲಿ ‘ಎಲ್ಲರೂ ನಿಲ್ಲಿ’ ಎಂಬ ಗುಂಡಿಯನ್ನು ಒತ್ತಿದಳು.

ಮಿತಿ ಮೀರಿದೆ, ತಾಳಿ.

ತಾವೇ ಕಟ್ಟಿದ ಬಾಗಿಲು ತಮ್ಮ ಮುಖಕ್ಕೇ ಮುಚ್ಚಿಕೊಂಡಿತ್ತು.

“ಬಾಗಿಲನ್ನೇ ಕಿತ್ತು ಹಾಕುವ,” ಎಂದು ತೀರ್ಥಪ್ರಸಾದ್ ಕೀಲಿಮಣೆಗೆ ಕೈ ಹಾಕಿದ. “ಆದದ್ದು ಆಗಲಿ.”

ಗಾನವಿ ಅವನ ಮಣಿಕಟ್ಟನ್ನು ಹಿಡಿದಳು. “ಎಲ್ಲಾ ಎಸ್ಟೇಟಿನ ಫೋನು ಹೊರಗೆ ಕಾಯ್ತಾ ಉಂಟು. ಬಾಗಿಲು ತೆಗೆದ್ರೆ ಒಟ್ಟಿಗೆ ನುಗ್ತವೆ. ಮೆಷಿನ್ ಬೀಳ್ತದೆ. ಒಂದು ಜೀಪು ಅಲ್ಲ, ಎಲ್ಲಾ ಜೀಪಿಗೂ ಪಚ್ಚೆಯೇ ಉಳೀತದೆ. ಚಲುವಕ್ಕನ ಕಾಲು ಮರೆತ್ರಾ?”

“ಮತ್ತೆ ಎಂತ ಮಾಡೋಣ? ಬಾಗಿಲು ಮುಚ್ಚಿ ತೆರೆಯುವ?”

“ತೆರೆದ ಕೂಡ್ಲೇ ಇದೇ ಜನ ಮತ್ತೆ ಬರ್ತಾರೆ. ಕಾರಣ ಗೊತ್ತಾಗದೆ ತೆರೆದ್ರೆ ಇದೇ ಆಗ್ತದೆ.” ಅವಳು ಕಣ್ಣು ಮುಚ್ಚಿದಳು. “ಒಂದು ಗಳಿಗೆ ಮಾತಾಡ್ಬೇಡಿ.”

ಗುಡ್ಡದ ಮೇಲೆ ಬೋಜ ಮೂರನೆಯ ಸಲ ಒತ್ತಿ, ಅದೇ ಅಕ್ಷರಗಳನ್ನು ಓದಿದ. ಸಲಗ ಬಿದಿರ ಮೆಳೆಯನ್ನು ತಲುಪಿ ನಿಂತಿತ್ತು. ಸೊಂಡಿಲನ್ನು ರಸ್ತೆಯ ಕಡೆಗೆ ಚಾಚಿ ಗಾಳಿಯನ್ನು ಹೀರುತ್ತಿತ್ತು. ಜೀಪಿನ ಸದ್ದು ಈಗ ಸ್ಪಷ್ಟವಾಗಿತ್ತು. ಓಡಿ ಹೋಗಿ ಜೀಪನ್ನು ತಡೆಯೋಣವೆಂದರೆ ರಸ್ತೆಗಿದ್ದ ಒಂದೇ ಕಾಲುದಾರಿ ಆನೆಯ ಮಗ್ಗುಲಿಂದಲೇ ಇಳಿಯುತ್ತಿತ್ತು. ನಿಂತಲ್ಲೇ ನಿಂತು ಒತ್ತೋಣವೆಂದರೆ ಪೆಟ್ಟಿಗೆ ಕೇಳುತ್ತಿರಲಿಲ್ಲ. ಬಂಡೆಯಿಂದ ಇಳಿದರೆ ರೇಡಿಯೋ ಸತ್ತುಹೋಗುತ್ತದೆ. ಇಳಿಯದಿದ್ದರೆ ಕೂಗಿದರೂ ಅವರಿಗೆ ಕೇಳುವುದಿಲ್ಲ. ಅವನು ಸೊಂಟಕ್ಕೆ ಕಟ್ಟಿದ್ದ ಪಟಾಕಿಯ ಸರವನ್ನು ಮುಟ್ಟಿ ನೋಡಿ ಕೈ ಬಿಟ್ಟ. ಮದವೇರಿದ ಆನೆ ಸದ್ದಿಗೆ ಬೆದರಿದರೆ ಓಡುವುದು ತೆರೆದ ಕಡೆಗೆ. ತೆರೆದಿದ್ದದ್ದು ರಸ್ತೆಯೊಂದೇ.

ಗಾನವಿ ಕಣ್ಣು ತೆರೆದಳು.

“ನಾನು ಇವತ್ತು ಒತ್ತಿದ್ದು ಇದೊಂದೇ ಸಲ, ತೀರ್ಥಣ್ಣ. ಒಂದು ಸಲ ಒತ್ತಿದವಳಿಗೆ ಮಿತಿ ಮೀರಿದೆ ಅಂದ್ರೆ ಆ ಮಣೆಯಲ್ಲಿ ಇದ್ದ ಗುರುತು ನಂದಲ್ಲ.”

“ಮತ್ತೆ ಯಾರದ್ದು?”

“ಉತ್ತಯ್ಯ ಅಂಕಲ್ದು! ತೆರೆದ ಕೂಡಲೇ ಬೈತದೆ ಅಂದ್ರಲ್ಲ ಅವರು. ಏಳೂ ಗುಳಿ ತುಂಬಿಸಿ, ಸಿಟ್ಟು ಬಂದು ಮುಚ್ಚಿ ಹೋಗ್ತಾರೆ. ಅವರ ಮಣೆ ಅಟ್ಟಿಯ ಮೇಲೆ ಬರ್ತದೆ. ಮುಂದೆ ಬಂದವರಿಗೆ ಅದೇ ಸಿಗ್ತದೆ.” ಅವಳ ದನಿ ತಗ್ಗಿತು. “ನೀವು ಮಣೆ ವಾಪಸ್ ಇಡುವಾಗ ಗುಳಿ ಖಾಲಿ ಮಾಡ್ತೀರಲ್ಲ?”

“ನಾನಾ?” ಎಂದ ಅವನು. “ಕೊಡುವಾಗ ನೀನು ಖಾಲಿ ಮಾಡಿ ಕೊಡ್ತೀಯಲ್ಲ?”

ಇಬ್ಬರ ದೃಷ್ಟಿಯೂ ಏಕಕಾಲಕ್ಕೆ ಮೇಜಿನ ಮೂಲೆಗೆ ಹೋಯಿತು. ಉಗ್ಗ ಅಲ್ಲಿಯೇ ಇತ್ತು, ಒಳಗಿನ ಗೆರೆಯೊಡನೆ.

ಗಾನವಿಯ ಮನೆಯಲ್ಲಿ ಎರವಲು ಪಾತ್ರೆಯನ್ನು ಬೆಳಗಿ ಒಪ್ಪಿಸುವುದು ಒಯ್ದವರ ಧರ್ಮ. ಪಡೆದವರು ಅದನ್ನು ಪುನಃ ತೊಳೆಯುವುದು ಅವಿಶ್ವಾಸ. ತೀರ್ಥಪ್ರಸಾದನ ಊರಿನಲ್ಲಿ ದೇವಸ್ಥಾನದ ಉಗ್ರಾಣದ ಕೊಪ್ಪರಿಗೆಗಳನ್ನು ಮದುವೆಗೂ ತಿಥಿಗೂ ಒಯ್ಯುತ್ತಾರೆ. ಅಲ್ಲಿ ಎಷ್ಟು ಬೆಳಗಿ ತಂದಿಟ್ಟರೂ, ಮುಂದೆ ನೈವೇದ್ಯಕ್ಕೆಂದು ಒಯ್ಯುವವನು ಹುಣಸೆಹಣ್ಣು ಬೂದಿ ಹಿಡಿದು ಸ್ವತಃ ಉಜ್ಜಲೇಬೇಕು. ಆದ್ದರಿಂದ ತಂದಿಡುವವನು ನೀರಾಡಿಸಿ ಇಟ್ಟರೆ ಸಾಕು. ಎರಡೂ ಒಳ್ಳೆಯ ಆಚಾರವೇ. ಇಬ್ಬರೂ ಸಂಸ್ಕಾರವಂತರ ಮಕ್ಕಳೇ. ಅವಳು, ಹಿಂದಿರುಗಿದ ಮಣೆ ತೊಳೆದೇ ಬಂದಿರುತ್ತದೆಂದು ನಂಬಿ ಹಾಗೆಯೇ ಕೊಟ್ಟಳು. ಅವನು, ಕೊಡುವವಳು ಹೇಗೂ ತೊಳೆಯುತ್ತಾಳೆಂದು ನಂಬಿ ಹಾಗೆಯೇ ಇರಿಸಿದ. ಎರಡು ಆಚಾರಗಳ ನಡುವಿನ ಸಂದಿಯಲ್ಲಿ ಮಣೆ ಎಂಜಲಾಗಿ ಉಳಿದುಬಿಟ್ಟಿತ್ತು. ಮಳೆಗಾಲದ ಪರೀಕ್ಷೆಯಲ್ಲಿ ಇದು ಕಾಣಲಿಲ್ಲ. ಆಗ ಬರುವವರೇ ವಿರಳ, ಒಬ್ಬರ ಮಣೆ ಇನ್ನೊಬ್ಬರ ಕೈ ಸೇರುವ ಮೊದಲು ನಿಮಿಷ ಕಳೆದು ಹಳೆಯ ಗುರುತುಗಳು ತಾವೇ ಸತ್ತಿರುತ್ತಿದ್ದವು. ಇಂದು ಇಡೀ ದಕ್ಷಿಣ ಕೊಡಗು ಒಂದೇ ಬಾಗಿಲಲ್ಲಿತ್ತು. ಮನೆಯ ಜಗಲಿಯಲ್ಲಿ ಕುಳಿತು ಗುಂಡಿ ಒತ್ತುವವರ ಅಸಹನೆಯೆಲ್ಲ ಗುಡ್ಡದ ಮೇಲೆ ನಿಂತವನ ಲೆಕ್ಕಕ್ಕೆ ಬೀಳುತ್ತಿತ್ತು. ಬ್ಯಾಟರಿ ಉಳಿಸಲೆಂದು ಬೋಜನ ಪೆಟ್ಟಿಗೆ ಪ್ರತಿ ಸಲವೂ ಹೊಸದಾಗಿ ಸಂಪರ್ಕಿಸುತ್ತಿತ್ತು. ಪ್ರತಿ ಸಲವೂ ಅಟ್ಟಿಯ ಮೇಲಿನ, ಆಗಷ್ಟೇ ಯಾರೋ ತುಂಬಿಸಿ ಬಿಸುಟ ಮಣೆಯನ್ನೇ ಪಡೆಯುತ್ತಿತ್ತು.

“ಬರಿ,” ಎಂದ ತೀರ್ಥಪ್ರಸಾದ್. “ನಿನ್ನ ಕಡೆ ನೀನು ಬರಿ.”

ಅವಳಾಗಲೇ ಬರೆಯುತ್ತಿದ್ದಳು. ಮಣೆಯನ್ನು ತೆಗೆದುಕೊಳ್ಳುವಲ್ಲಿ ಒಂದೇ ಸಾಲು: ಕೈಗೆ ಬಂದ ಮಣೆಯ ಏಳೂ ಗುಳಿಗಳನ್ನು ಬರಿದು ಮಾಡು. ಬೆರಳು ತಪ್ಪಿ ಅಕ್ಷರವೊಂದು ಜಾರಿತು. ಯಂತ್ರ ಒಪ್ಪಲಿಲ್ಲ. ಅವಳು ಉಸಿರು ಹಿಡಿದು ತಿದ್ದಿದಳು. ಪಕ್ಕದಲ್ಲಿ ತೀರ್ಥಪ್ರಸಾದನ ಕೀಲಿಗಳೂ ಸದ್ದು ಮಾಡುತ್ತಿದ್ದವು; ಏನು ಬರೆಯುತ್ತಿದ್ದೀರಿ ಎಂದು ಕೇಳಲು ಅವಳಿಗೆ ಬಿಡುವಿರಲಿಲ್ಲ.

“ಬಾಗಿಲು ಮುಚ್ಚಿ ತೆರೀತೇನೆ. ಎಲ್ಲಾ ಒಟ್ಟಿಗೆ ನುಗ್ತವೆ. ನಿಲ್ತದಾ?”

“ಮಣೆ ಶುದ್ಧ ಇದ್ರೆ ನಿಲ್ತದೆ. ತಮ್ಮ ಪಾಲಿನ ಮಿತಿ ತಮಗೆ, ಅಷ್ಟೇ ಅಲ್ವಾ? ತೆರಿ.”

ಅವಳು ಒತ್ತಿದಳು. ಪರದೆ ಕಪ್ಪಾಯಿತು. ಹಿಂದಿನ ಕೋಣೆಯ ಗುಂಯ್ಗುಡುವಿಕೆ ಒಮ್ಮೆ ಇಳಿದು, ಮತ್ತೆ ಏರಿ, ಏರುತ್ತಲೇ ಹೋಯಿತು. ತೀರ್ಥಪ್ರಸಾದನ ತುಟಿ ಏನನ್ನೋ ಜಪಿಸುತ್ತಿತ್ತು. ಸಾಲುಗಳು ಜಲಪಾತದಂತೆ ಇಳಿದವು. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ಉತ್ತಯ್ಯನವರ ಹೆಸರಿಗೆ ಒಪ್ಪಿಗೆ, ಒಪ್ಪಿಗೆ, ಅನಂತರ ಮಿತಿ ಮೀರಿದೆ. ಆ ಮಿತಿ ಅವರದೇ ಆಗಿತ್ತು. ಗಾನವಿ ‘ಎಲ್ಲರೂ ನಿಲ್ಲಿ’ ಗುಂಡಿಯ ಕಡೆಗೆ ಕೈ ನೀಡಿದಳು.

ಬೋಜ ಆ ಹೊತ್ತಿಗೆ ಪೆಟ್ಟಿಗೆಯನ್ನು ಬಂಡೆಯ ಮೇಲೆ ಇರಿಸಿಬಿಟ್ಟಿದ್ದ. ಆನೆಯ ಮಗ್ಗುಲಿಂದಲೇ ಇಳಿಯುವುದೆಂದು ಅವನು ಮನಸ್ಸು ಮಾಡಿದ್ದ. ಮುಂಡಾಸನ್ನು ಬಿಚ್ಚಿ ಸೊಂಟಕ್ಕೆ ಬಿಗಿದುಕೊಂಡಿದ್ದ. ಒಂದು ಹೆಜ್ಜೆ ಇಳಿದವನು ಹಿಂತಿರುಗಿ, ಕೊನೆಯದೆಂದು ಬಾಗಿ, ನಡುವಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದ.

ಪರದೆಯ ಮೇಲೆ ಮೂಡಿತು: ತಲುಪಿತು.

ಗಾನವಿಯ ಬೆರಳು ಗುಂಡಿಯನ್ನು ಮುಟ್ಟುವ ಮೊದಲೇ ಬೋಜನ ಮಾತು ಬಿಚ್ಚಿಕೊಂಡು ಪರದೆಯ ನಡುವೆ ನಿಂತಿತು: ರಸ್ತೆಗೆ ಬರುತ್ತಿದೆ.

ಜೀಪು ಬಿದಿರಿನ ತಿರುವಿಗೆ ಮುಂಚೆ ಸಿಗುವ ಕಾಡುದೇವರ ಕಲ್ಲಿನ ಬಳಿ ಬಂದಿತ್ತು. ಸಿದ್ದಿ ಹೇಳುತ್ತಿದ್ದ ಕಥೆಗೆ ಎಲ್ಲರೂ ನಗುತ್ತಿದ್ದರು. ನಗದೆ ಮುಂದೆ ನೋಡುತ್ತಿದ್ದವಳು ಮುದ್ದಿ ಒಬ್ಬಳೇ.

“ರವಿಯಣ್ಣಾ! ಕೆಂಪು!”

ರವಿ ಬ್ರೇಕನ್ನು ತುಳಿದ. ಚೀಲಗಳು, ಬುತ್ತಿಗಳು, ಹೆಂಗಸರು ಎಲ್ಲ ಮುಂದಕ್ಕೆ ಜಗ್ಗಿದರು. ಅವನು ಎಂಜಿನ್ ಆರಿಸಿದ. ನಿಶ್ಶಬ್ದದಲ್ಲಿ ಬಿದಿರು ಲಟಲಟನೆ ಮುರಿಯುವುದು ಕೇಳಿಸಿತು. ಅನಂತರ ಮಂಜಿನೊಳಗಿಂದ ಮೊದಲು ಒಂಟಿ ಕೋರೆ, ಬಳಿಕ ತಲೆ, ಬಳಿಕ ಪರ್ವತದಂಥ ಮೈ ರಸ್ತೆಗೆ ಬಂದು ನಿಂತಿತು. ಎರಡು ಜೀಪುಗಳ ಉದ್ದದಷ್ಟು ದೂರ. ಸಿದ್ದಿ ಮುದ್ದಿಯ ಕೈಯನ್ನು ಹಿಡಿದುಕೊಂಡಿದ್ದಳು. ಸಲಗ ಕಿವಿಯನ್ನು ಒಮ್ಮೆ ಅಗಲಿಸಿ, ನಿಂತ ಕಬ್ಬಿಣದ ಆ ವಸ್ತುವನ್ನು ಅಳೆದು ನೋಡಿತು. ಓಡುವ ಸದ್ದಿಲ್ಲ, ಕೂಗಿಲ್ಲ. ಕೆಣಕುವಂಥದು ಏನೂ ಇರಲಿಲ್ಲ. ಅದು ಸೊಂಡಿಲಿನಿಂದ ಮಣ್ಣನ್ನು ಬಾಚಿ ಬೆನ್ನಿಗೆ ಎರಚಿಕೊಂಡು, ಇಳಿಜಾರಿನ ಕಾಫಿ ತೋಟದೊಳಗೆ ಇಳಿದು ಹೋಯಿತು.

ಸದ್ದು ಪೂರ್ತಿ ಅಡಗಿದ ಮೇಲೆ ಕಾಲುದಾರಿಯಿಂದ ಬೋಜ ಇಳಿದು ಬಂದ. ಮೊಣಕಾಲು ತರಚಿತ್ತು. ಮುದ್ದಿ ಜೀಪಿನಿಂದ ಇಳಿಯಲಿಲ್ಲ.

“ಇಷ್ಟೊತ್ತು ಎಂತ ಮಾಡ್ತಿದ್ದೆ?” ಎಂದು ಅವಳು ಗದರಿದಳು. ಗದರಿಕೆಯ ನಡುವೆಯೇ ದನಿ ಒಡೆಯಿತು.

“ಹೇಳ್ದೆ,” ಎಂದ ಬೋಜ. “ಹೇಳ್ತಾನೇ ಇದ್ದೆ.”

“ನೋಡಿ, ಎರಡು ಮಾತಾಡ್ದ!” ಎಂದಳು ಸಿದ್ದಿ. ಅತ್ತವರೂ ನಕ್ಕರು. ಬೋಜ ಬಂಡೆಗೆ ಹಿಂದಿರುಗಿ ಮೂರನೆಯ ಗುಂಡಿಯನ್ನು ಒತ್ತಿದ.

ಕೇಂದ್ರದ ಪರದೆಯಲ್ಲಿ ‘ದಾಟಿತು’ ಎಂಬ ಮಾತು ಕಾಣಿಸಿಕೊಂಡಾಗ ಗಾನವಿ ಎರಡೂ ಅಂಗೈಗಳಿಂದ ಮುಖವನ್ನು ಮುಚ್ಚಿಕೊಂಡಳು. ಆಮೇಲೆ ಅವಳು ತೀರ್ಥಪ್ರಸಾದನ ಪರದೆಯತ್ತ ಬಾಗಿ ನೋಡಿದಳು. ಮಣೆಯನ್ನು ಹಿಂದಕ್ಕೆ ಇರಿಸುವಲ್ಲಿ ಅವನೂ ಒಂದು ಸಾಲು ಸೇರಿಸಿದ್ದ: ಇಡುವ ಮೊದಲು ಏಳೂ ಗುಳಿಗಳನ್ನು ಬರಿದು ಮಾಡು.

“ಎರಡು ಕಡೆಯೂ ತೊಳೆದ ಹಾಗಾಯ್ತು,” ಎಂದಳು. “ಒಂದು ಸಾಕಲ್ವಾ? ಮೆಷಿನಿಗೆ ಭಾರ.”

“ಏಳು ಗುಳಿ ತೊಳೆಯಲಿಕ್ಕೆ ಎಂತ ಭಾರ ಮಾರಾಯ್ತಿ? ಇರಲಿ. ನಾಳೆ ನಾವಿಬ್ಬರೂ ಇಲ್ಲದಾಗ ಬೇರೆ ಯಾರೋ ಒಂದು ಸಾಲು ತೆಗೀಬಹುದು. ಎರಡನ್ನೂ ತೆಗೆಯುವಷ್ಟು ಧೈರ್ಯ ಯಾರಿಗೂ ಬರ್ಲಿಕ್ಕಿಲ್ಲ.”

ಮಧ್ಯಾಹ್ನದ ಊಟಕ್ಕೆ ಏಳುವಾಗ ತೀರ್ಥಪ್ರಸಾದ್ ಉಗ್ಗವನ್ನು ಎತ್ತಿಕೊಂಡು ಹಿತ್ತಲಿನ ನಲ್ಲಿಯ ಬಳಿಗೆ ಹೋದ. ಬೂದಿ ಸಿಗಲಿಲ್ಲ; ಗೋದಾಮಿನ ನೆಲದ ಮಣ್ಣನ್ನೇ ತಂದು ಉಜ್ಜಿದ. ಹಿತ್ತಾಳೆ ಬಿಸಿಲಿಗೆ ಹೊಳೆಯುವವರೆಗೆ ಉಜ್ಜಿ, ಬೋರಲು ಹಾಕಿ ಅವಳ ಮೇಜಿನ ಮೇಲಿಟ್ಟ. ಸಂಜೆ ಗಾನವಿ ಅದನ್ನು ಮನೆಗೆ ಒಯ್ದು, ತಾಯಿಯ ಕೈಗೆ ಕೊಡುವ ಮುನ್ನ ಬಾವಿಕಟ್ಟೆಯ ಬಳಿ ನಿಂತು ಇನ್ನೊಮ್ಮೆ ತೊಳೆದಳು. ಕೊಟ್ಟವನಿಗೆ ಅದರಿಂದ ಅವಮಾನವಾಗುವುದಿಲ್ಲವೆಂದು ಅಂದು ಅವಳಿಗೆ ತಿಳಿದಿತ್ತು.

ಈ ಕಥೆಯನ್ನು ಕೇಳಿದವರ ಪಾತ್ರೆಗಳು ಎಂದೂ ಬತ್ತದಿರಲಿ, ಎಂದೂ ಎಂಜಲಾಗದಿರಲಿ. ಅವಸರದವರ ಸದ್ದು ಆಪತ್ತಿನಲ್ಲಿರುವವರ ಮಾತನ್ನು ಮುಳುಗಿಸದಿರಲಿ. ನಿಮ್ಮ ಬಾಗಿಲುಗಳಿಗೆ ಮಿತಿಯಿರಲಿ; ಆ ಮಿತಿ ಬಂದವರ ನಡತೆಯನ್ನೇ ಅಳೆಯಲಿ, ಹೋದವರ ನಡತೆಯನ್ನಲ್ಲ. ಕಾಡಿಗೆ ಹೋದವರು ಮನೆಗೂ, ಊರಿಗೆ ಬಂದ ಆನೆಗಳು ಕಾಡಿಗೂ ಕ್ಷೇಮವಾಗಿ ಮರಳಲಿ. ತಾಯಿ ಕಾವೇರಿ ಹರಿಯುವವರೆಗೆ ನಿಮ್ಮೆಲ್ಲರಿಗೂ, ನಿಮ್ಮ ಮನೆಯ ಮಕ್ಕಳಿಗೂ ದನಕರುಗಳಿಗೂ ಮಂಗಳವಾಗಲಿ.